ಸಿಸ್ಟರ್ರೀ, ಯಾವ ಪೌಡರ್ ಹಾಕ್ಲಿ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಯಾವುದೂ ಬೇಡ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನಾನು ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದಲ್ಲಿ ನರ್ಸ್. ಮಕ್ಕಳ ಆರೋಗ್ಯ ತಪಾಸಣೆ ಮಾಡುತ್ತಾ ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ನಮ್ಮ ಓಡಾಟ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗುತ್ತೇವೆ. ಮಕ್ಕಳಿಗೆ ಹಾಲಿಗೆ ಹಾಕಿ ಕುಡಿಸುವ ಡಬ್ಬಿ ಪುಡಿಯ ಈ ಪ್ರಶ್ನೆ ಮಾತ್ರ ವರ್ಷವಿಡೀ ನನ್ನ ಬೆನ್ನು ಹತ್ತಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ. ಒಮ್ಮೆ ಮದುವೆ ಊಟದಲ್ಲಿ, ಹೋಳಿಗೆ ಮೇಲೆ ತುಪ್ಪ ಬೀಳುತ್ತಿರುವಾಗಲೇ ಪಕ್ಕದವರು ಶುರು ಮಾಡಿದರು. "ಸಿಸ್ಟರ್ರೀ, ಹುಡುಗ ಊಟಾನ ಮಾಡಂಗಿಲ್ರೀ. ಯಾವ ಪೌಡರ್ ಹಾಕ್ಲಿ?"

ಈ 'ಹಾಕ್ಲಿ' ಕೇಳಿದರೇ ನನಗೆ ಸಿಟ್ಟು. ಹತ್ತಿಗೆ ಯಾವ ಗೊಬ್ಬರ ಹಾಕ್ಲಿ, ಮೆಣಸಿನಗಿಡಕ್ಕೆ ಯಾವ ಎಣ್ಣಿ ಹೊಡೀಲಿ ಅಂತ ಗೊಬ್ಬರದಂಗಡಿಯಲ್ಲಿ ಕೇಳುವ ಧಾಟಿಯೇ ಇದು. ಅಂಗಡಿಯವನಾದರೂ "ನೀರು ಬಿಟ್ಟು ಎಷ್ಟು ದಿನ ಆತು?" ಅಂತ ತಿರುಗಿ ಕೇಳುತ್ತಾನೆ, ಅವನ ಮೇಲೆ ಯಾರಿಗೂ ಬೇಜಾರಿಲ್ಲ. ನಾನು "ಮುಂಜಾನೆ ಏನು ತಿಂದಾನ?" ಅಂದರೆ ಮಾತ್ರ ಮುಖ ಬಾಡುತ್ತದೆ.

ಬಾಡಲಿ. ಉತ್ತರ ನನಗೆ ಗೊತ್ತೇ ಇರುತ್ತದೆ. ಎದ್ದ ಕೂಡಲೇ ಚಾ, ಅದರಲ್ಲಿ ಅದ್ದಿ ನಾಲ್ಕು ಬಿಸ್ಕೀಟು. ಸಾಲಿಗೆ ಹೋಗುವ ದಾರಿಯಲ್ಲಿ ಐದು ರೂಪಾಯಿಯ ಪಾಕೀಟು. ಮಧ್ಯಾಹ್ನ ತಾಟಿನ ಮುಂದೆ ಕೂತಾಗ ಹಸಿವು ಎಲ್ಲಿಂದ ಬರಬೇಕು? ಊಟ ಮಾಡದ ಹುಡುಗ ಬೆಳಗಿನಿಂದ ತಿನ್ನುತ್ತಲೇ ಇದ್ದಾನೆ.

"ಪಗಾರ ಬರೋರು, ಮಾತಾಡ್ತೀರಿ" ಅನ್ನಬೇಡಿ. ನಾನೂ ಎರಡು ವರ್ಷ ನನ್ನ ಮಗನಿಗೆ ಅದೇ ಪೌಡರ್ ತಂದು ಹಾಕಿದ್ದೇನೆ. ಹೌದು, ಹಾಕಿದ್ದೇನೆ! ಪಕ್ಕದ ಮನೆ ಹುಡುಗ ಇವನಿಗಿಂತ ನಾಲ್ಕು ಬೆರಳು ಎತ್ತರ ಇದ್ದ, ಅಷ್ಟೇ ಕಾರಣ. ನನ್ನ ಮಗ ಅದನ್ನು ಹಾಲಿಗೆ ಹಾಕಿ ಕುಡಿದದ್ದಕ್ಕಿಂತ ಚಮಚದಲ್ಲಿ ಒಣದೇ ಮುಕ್ಕಿದ್ದು ಜಾಸ್ತಿ. ಪಕ್ಕದ ಮನೆಯವನು ಈಗಲೂ ಎತ್ತರವೇ ಇದ್ದಾನೆ. ಅವರಪ್ಪ ಆರಡಿ.

ನನಗೆ ತಲೆಯಲ್ಲಿ ಉಳಿದಿರೋದು 2024ರ ಕೊನೆಯ ಒಂದು ದಿನ. ಒಂದು ಹಳ್ಳಿ ಶಾಲೆಯಲ್ಲಿ ತಪಾಸಣೆ ನಡೆದಿತ್ತು. ಒಬ್ಬಾಕೆ ಸೆರಗಿನಲ್ಲಿ ಏನೋ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಡಬ್ಬಿ. ಮಗ ಮೂರನೇ ಕ್ಲಾಸು, ಎಂಟು ವರ್ಷ, ತೂಕ 18 ಕೆಜಿ. ಆ ವಯಸ್ಸಿಗೆ 25ರ ಹತ್ತಿರ ಇದ್ದರೆ ಚೆಂದ. "ಇದು ಎರಡನೇ ಡಬ್ಬಿ ರೀ. ಮೈ ಹಿಡಿವಲ್ದು. ಬ್ಯಾರೆ ಕಂಪನಿದು ಬರದು ಕೊಡ್ರಿ" ಅಂದಳು.

ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದೆ. ನೂರು ಗ್ರಾಂ ಪುಡಿಯಲ್ಲಿ ಸಕ್ಕರೆ ಮೂವತ್ತು ಗ್ರಾಂ ಮೇಲೆ. ಎರಡು ಚಮಚ ಹಾಕಿದರೆ ಪ್ರೋಟೀನ್ ಎರಡು ಗ್ರಾಂ ಕೂಡ ಮುಟ್ಟುವುದಿಲ್ಲ. ಬೆಲೆ ಮುನ್ನೂರು ಚಿಲ್ಲರೆ. ಉದ್ಯೋಗ ಖಾತ್ರಿ ಕೂಲಿ ಆಗ ದಿನಕ್ಕೆ 349 ರೂಪಾಯಿ. ಒಂದು ದಿನ ಮಣ್ಣು ಹೊತ್ತದ್ದು ಒಂದು ಡಬ್ಬಿ. ಹಾಲಲ್ಲಿ ಕಲಸ್ತೀಯಾ ಅಂದೆ. "ಹಾಲು ಎಲ್ಲಿಂದ ತರ್ಲಿ? ಬಿಸಿನೀರಾಗ" ಅಂದಳು.

ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ, ಇಂಥವನ್ನು 'ಹೆಲ್ತ್ ಡ್ರಿಂಕ್' ಸಾಲಿನಿಂದ ತೆಗೀರಿ ಅಂತ ಹೇಳಿತ್ತು. ಆಹಾರ ಕಾಯ್ದೆಯಲ್ಲಿ ಆ ಹೆಸರಿನ ವಸ್ತುವೇ ಇಲ್ಲ. ಆನ್‌ಲೈನಿನಿಂದ ತೆಗೆದರೇನು ಬಂತು, ನಮ್ಮೂರ ಕಿರಾಣಿ ಅಂಗಡಿಯಲ್ಲಿ ಅದು ಎದುರು ಸಾಲಿನಲ್ಲೇ ಇದೆ.

ಇಷ್ಟೆಲ್ಲ ಮಾತಾಡುವಾಗ ಹಿಂದಿನ ಕೋಣೆಯಲ್ಲಿ ಬಿಸಿಯೂಟದವರು ಮೊಟ್ಟೆ ಸುಲಿಯುತ್ತಿದ್ದರು. ಒಂದರಲ್ಲಿ ಆರು ಗ್ರಾಂ ಪ್ರೋಟೀನ್, ಪುಕ್ಕಟೆ. ನಿನ್ನ ಮಗ ತಿಂತಾನಾ ಅಂತ ಕೇಳಿದೆ. "ಸಾಲ್ಯಾಗ ಕೊಡೂದ್ರಾಗ ಏನು ಶಕ್ತಿ ಇರ್ತದ್ರೀ" ಅಂದಳು. ಅಲ್ಲಿ ನನ್ನ ತಾಳ್ಮೆ ಹೋಯಿತು. ಬಿಸಿಯೂಟ 2002ರಲ್ಲಿ ಶುರುವಾದದ್ದೇ ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿ ಏಳು ಜಿಲ್ಲೆಗಳಲ್ಲಿ. 2021ರಲ್ಲಿ ಮೊಟ್ಟೆ ಬಂದದ್ದೂ ಮೊದಲು ನಮ್ಮ ಕಡೆಗೇ. ಈಗ ವಾರಕ್ಕೆ ಆರು ದಿನ ಕೊಡ್ತಾರೆ. ದುಡ್ಡು ಕೊಟ್ಟು ತಂದದ್ದಕ್ಕೆ ಮಾತ್ರ ಶಕ್ತಿ ಅನ್ನೋ ಲೆಕ್ಕ ಯಾರು ಕಲಿಸಿದರೋ.

ಸಜ್ಜಿ ಐತೇನವಾ ಅಂದೆ. ಮನೆಯಲ್ಲಿ ಒಂದು ಚೀಲ ಇತ್ತಂತೆ, ಹೊಲದ್ದೇ. ಹುಡುಗ ಅನ್ನ ಬೇಡುತ್ತಾನಂತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿ. ನೂರು ಗ್ರಾಂ ಸಜ್ಜೆಯಲ್ಲಿ ಕಬ್ಬಿಣ 6.4 ಮಿಲಿಗ್ರಾಂ. ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ, 0.65. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಪುಂಡಿಪಲ್ಯ. ಪಲ್ಯಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿದರೆ ಆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಾ ಕುಡಿದರೆ ಹತ್ತುವುದು ಕಡಿಮೆ. ನಮ್ಮ ಅಜ್ಜಿಗೆ ಈ ಅಂಕಿ ಯಾವುದೂ ಗೊತ್ತಿರಲಿಲ್ಲ, ಊಟ ಮಾತ್ರ ಇದೇ.

ಇಷ್ಟು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಒಂದಿದೆ. "ಸಿಸ್ಟರ್, ನಾನೇನು ತಿನ್ನಲಿ?" ಒಬ್ಬ ತಾಯಿಯೂ ಕೇಳಿಲ್ಲ. ಗಂಡನ ಬಿಪಿ ಕೇಳುತ್ತಾರೆ, ಅತ್ತೆಯ ಮೊಣಕಾಲು ಕೇಳುತ್ತಾರೆ, ಎಮ್ಮೆ ಯಾಕೆ ಹಾಲು ಕಡಿಮೆ ಕೊಡ್ತದೆ ಅಂತಲೂ ಒಬ್ಬರು ಕೇಳಿದ್ದಾರೆ. ಡಬ್ಬಿ ತಂದಿದ್ದ ಆಕೆಗೂ ನಾನೇ ಕೇಳಬೇಕಾಯಿತು. ನೀ ಉಂಡೇನವಾ? "ಸಂಜಿಗೆ ಉಣ್ತೀನ್ರೀ, ಎಲ್ಲಾರದೂ ಆದ ಮ್ಯಾಲೆ." ಕಸ ತೆಗೆಯಲು ಏಳಕ್ಕೇ ಹೊಲಕ್ಕೆ ಹೋಗುವವಳು, ಮಧ್ಯಾಹ್ನದವರೆಗೆ ಎರಡು ಕಪ್ ಚಾ ಮೇಲೆ.

ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಗೋಡೆ ಇದ್ದ ಹಾಗಿತ್ತು. ಹೆಣ್ಣುಮಕ್ಕಳ ರಕ್ತ ನೋಡಲು ತಂದಿದ್ದ ಮಷೀನ್ ಮೇಜಿನ ಮೇಲೇ ಇತ್ತು. ಬೆರಳು ಚುಚ್ಚಿದೆ. ಹಿಮೋಗ್ಲೋಬಿನ್ 7.6 ಬಂತು. 12 ಇರಬೇಕು ಹೆಂಗಸರಿಗೆ. ಎಂಟರ ಕೆಳಗೆ ಹೋದರೆ ತೀವ್ರ ರಕ್ತಹೀನತೆ ಅಂತ ಲೆಕ್ಕ. ಸಮಾಧಾನದಿಂದ ತಿಳಿಸಿ ಹೇಳಿದೆ. ಮಗನ ಡಬ್ಬಿ ಬಿಡು, ಮೊದಲು ನಿನಗೆ ರಕ್ತ ಆಗಬೇಕು, ನಾಳೆಯೇ ತಾಲೂಕು ಆಸ್ಪತ್ರೆಗೆ ಹೋಗು ಅಂತ.

ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ದನಿ ಇಳಿಸಿ, "ಹಂಗಾರ ನನಗ ಯಾವ ಪೌಡರ್ ರೀ?" ಅಂದಳು.

ನಕ್ಕುಬಿಟ್ಟೆ. ನಗಬಾರದಿತ್ತು. ಆಕೆಯೂ ನಕ್ಕಳು, ಪುಣ್ಯಕ್ಕೆ. ಚೀಟಿ ಬರೆದುಕೊಟ್ಟೆ. ಡಬ್ಬಿ ಮೇಜಿನ ಮೇಲೇ ಬಿಟ್ಟು, ಮಗನ ಕೈ ಹಿಡಿದು ಹೊರಟಳು. ಗೇಟಿನ ತನಕ ಹೋದವಳು ತಿರುಗಿ ಬಂದು ಅದನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.

"ಅರ್ಧ ಐತ್ರೀ ಇನ್ನೂ" ಅಂದಳು.