ಒಮ್ಮೆಯೂ ಫೋರ್ ವೀಲ್ ಹಾಕದ ಗಾಡಿ

ತುಮಕೂರಿನ ನಮ್ಮ ಹಳೆಯ ಗಾಡಿಗಳ ಯಾರ್ಡ್‌ಗೆ ಫೋರ್ ವೀಲ್ ಡ್ರೈವ್ (ಎಂಜಿನ್ ಬಲವನ್ನು ನಾಲ್ಕೂ ಚಕ್ರಕ್ಕೆ ಕೊಡಬಲ್ಲ) ಗಾಡಿ ಮಾರಲು ಬರುವವರಲ್ಲಿ ಹೆಚ್ಚಿನವರು ಒಂದೇ ಮಾತನ್ನು ಹೆಮ್ಮೆಯಿಂದ ಹೇಳುತ್ತಾರೆ: "ತಗೊಂಡಾಗಿನಿಂದ ಒಮ್ಮೆಯೂ ಫೋರ್ ವೀಲ್ ಹಾಕಿಲ್ಲ ಸರ್." ಖರೀದಿ ವಿಭಾಗದವರು ಅದನ್ನು ಗಾಡಿಯ ಗುಣವೆಂದು ಬರೆದುಕೊಳ್ಳುತ್ತಾರೆ; ಮಾರಾಟದವರು ಅದನ್ನೇ ಗಿರಾಕಿಗೆ ದಾಟಿಸುತ್ತಾರೆ. ಇವ್ಯಾಲ್ಯುಯೇಷನ್, ಅಂದರೆ ಗಾಡಿಯ ಸ್ಥಿತಿಯ ಪರೀಕ್ಷೆ ನೋಡಿಕೊಳ್ಳುವ ನಾನು ಮಾತ್ರ ಆ ಮಾತು ಕಿವಿಗೆ ಬಿದ್ದ ಕೂಡಲೇ ಗಾಡಿಯನ್ನು ಲಿಫ್ಟ್‌ಗೆ ಏರಿಸುತ್ತೇನೆ, ಏಕೆಂದರೆ ವರ್ಷಗಟ್ಟಲೆ ಅಲುಗಾಡದೆ ಕುಳಿತ ಯಂತ್ರಭಾಗ ಚೆನ್ನಾಗಿಯೇ ಉಳಿದಿದೆ ಎಂದು ನಂಬಲು ಯಾವ ಆಧಾರವೂ ಇರುವುದಿಲ್ಲ.

ಗುಬ್ಬಿ ಕಡೆಯ ಕುಟುಂಬವೊಂದು ತಿಂಗಳ ಕೊನೆಯ ವಾರದಲ್ಲಿ ಯಾರ್ಡ್‌ಗೆ ಬಂದಿತ್ತು. ಯಜಮಾನರು ಎಲೆಕ್ಟ್ರಿಕಲ್ ಎಂಜಿನಿಯರ್. ಹಿಮಾಚಲದ ಕಿನ್ನೌರ್ ಜಿಲ್ಲೆಯ ಜಲವಿದ್ಯುತ್ ಯೋಜನೆಯೊಂದಕ್ಕೆ ಅವರಿಗೆ ವರ್ಗವಾಗಿತ್ತು. ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಕರೆದುಕೊಂಡು ಅಲ್ಲಿಯ ಚಳಿಗಾಲವನ್ನು ಕಳೆಯಬೇಕಾದ್ದರಿಂದ ಏಳು ಸೀಟಿನ, ಡೀಸೆಲ್, ಫೋರ್ ವೀಲ್ ಇರುವ ಹಳೆಯ ಗಾಡಿಯೇ ಬೇಕೆಂದರು. ಅಂಥದೊಂದು ನಮ್ಮಲ್ಲಿತ್ತು. ಕೆಎ-06 ನಂಬರ್, ಒಬ್ಬರೇ ಮಾಲೀಕರು, ಕಡಿಮೆ ಕಿಲೋಮೀಟರ್, ಬಣ್ಣ ಕೆಟ್ಟಿರಲಿಲ್ಲ. "ಒಮ್ಮೆಯೂ ಹಾಕಿಲ್ಲ" ಎಂಬ ಮಾತಿನ ಮೇಲೆಯೇ ಖರೀದಿ ವಿಭಾಗ ಇದನ್ನೂ ಕೊಂಡಿತ್ತು. ನನ್ನ ಕೈಗೆ ಚೆಕ್‌ಶೀಟ್ ಬರುವ ಮೊದಲೇ ಮ್ಯಾನೇಜರ್ ಟೋಕನ್ ಅಡ್ವಾನ್ಸ್ ತೆಗೆದುಕೊಂಡಿದ್ದರು.

ಆ ಚೆಕ್‌ಶೀಟ್ ಈಗ ಟ್ಯಾಬ್‌ನಲ್ಲಿರುವ ಆ್ಯಪ್. ಪ್ರತಿಯೊಂದು ಗೀರಿಗೂ ಫೋಟೊ ತೆಗೆಯದೆ ಅದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಮ್ಯೂಸಿಕ್ ಸಿಸ್ಟಂಗೆ ಹಲವು ಅಂಕಣಗಳಿವೆ. ಫೋರ್ ವೀಲ್‌ಗೆ ಮಾತ್ರ ಒಂದೇ ಟಿಕ್, ಅದೂ ಡ್ಯಾಶ್‌ಬೋರ್ಡ್‌ನ ಲೈಟ್ ಹತ್ತಿತೋ ಇಲ್ಲವೋ ಎಂಬುದಕ್ಕೆ. ಆ ಟಿಕ್ ಹಾಕಿ ಗಾಡಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಗಿರಾಕಿಯ ಎದುರಿನಲ್ಲೇ ಮಣ್ಣಿನ ಏರಿನಲ್ಲಿ ನೋಡೋಣವೆಂದು ಊರ್ಡಿಗೆರೆ ಕಡೆಯ ಪರಿಚಯದವರ ತೋಟದ ದಾರಿಗೆ ಎಲ್ಲರನ್ನೂ ಕರೆದೊಯ್ದೆ.

ಹಿಂದಿನ ರಾತ್ರಿ ಮಳೆಯಾಗಿ ಗರಸು ಮಣ್ಣು ಸಡಿಲಗೊಂಡಿತ್ತು. ದಾರಿಯ ಎಡಬದಿಗೆ ಅಡಿಕೆ ತೋಟದ ಬಸಿಗಾಲುವೆ. ಮಕ್ಕಳನ್ನೂ ಹೆಂಗಸರನ್ನೂ ಕೆಳಗೇ ಇಳಿಸಿ, ಎಂಜಿನಿಯರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರು ಹತ್ತಿದೆ. ನಮ್ಮ ಮೆಕ್ಯಾನಿಕ್ ಮುಂದಿನ ಚಕ್ರವನ್ನೇ ನೋಡುತ್ತಾ ಪಕ್ಕದಲ್ಲಿ ನಡೆದು ಬರುತ್ತಿದ್ದ. ಅರ್ಧಕ್ಕೆ ಬಂದಾಗ ಹಿಂದಿನ ಚಕ್ರಗಳು ಜಾರಿದವು. ನಿಲ್ಲಿಸಿ, ನಾಬ್ ಅನ್ನು ಫೋರ್ ಹೈಗೆ, ಅಂದರೆ ಮಾಮೂಲಿ ವೇಗದ ಫೋರ್ ವೀಲ್‌ಗೆ ತಿರುಗಿಸಿದೆ. ಲೈಟ್ ಕೆಲ ಕ್ಷಣ ಮಿಣುಕಿ ಸ್ಥಿರವಾಗಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಮಾರಾಟದ ಹುಡುಗ "ನೋಡಿ ಸರ್, ಬಿತ್ತು" ಎಂದ. ನಿಧಾನವಾಗಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರಗಳು ಮಾತ್ರ ಗರಸನ್ನು ಎರಚಿದವು. ಗಾಡಿಯ ಹಿಂಭಾಗ ಕಾಲುವೆಯ ಕಡೆಗೆ ತಿರುಗಿತು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ನಿಂತೇ ಗಾಡಿ ಕೆಳಕ್ಕೆ ಜಾರತೊಡಗಿತು. ಎಂಜಿನಿಯರ್ ಬಾಗಿಲಿನ ಹಿಡಿಯನ್ನು ಹಿಡಿದವರು ಬಿಡಲಿಲ್ಲ. ಹೊರಗಿನಿಂದ ಮೆಕ್ಯಾನಿಕ್ "ಅಣ್ಣಾ, ಮುಂದಿನದು ಎಳೀತಾನೇ ಇಲ್ಲ" ಎಂದು ಕೂಗಿ, ಓಡಿಹೋಗಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಗಾಡಿ ನಿಂತಾಗ ಕಾಲುವೆಯ ಅಂಚು ತೀರಾ ಹತ್ತಿರವಿತ್ತು.

ಅದೇ ಹೊತ್ತಿಗೆ ಮ್ಯಾನೇಜರ್ ಫೋನ್ ಬಂತು. ಲೈಟ್ ಹತ್ತಿದೆಯೆಂದು ಮಾರಾಟದ ಹುಡುಗ ಆಗಲೇ ಸಂದೇಶ ಕಳಿಸಿದ್ದ. "ಲೈಟ್ ಬಂತಲ್ಲ, ಇನ್ನೇನು? ಸೈನ್ ಮಾಡಿಸಿ ಕರ್ಕೊಂಡು ಬಾ" ಎಂಬ ಮಾತು ಪಕ್ಕದಲ್ಲಿ ಕುಳಿತವರಿಗೂ ಕೇಳಿಸಿತು. ನಾನು ಫೋನ್ ಇಟ್ಟು, ಲೈಟ್ ಬಂದಿದ್ದರೂ ಮುಂದಿನ ಆಕ್ಸಲ್‌ಗೆ ಬಲ ಹೋಗುತ್ತಿಲ್ಲವೆಂದು ಎಂಜಿನಿಯರ್ ಅವರಿಗೆ ನೇರವಾಗಿ ಹೇಳಿದೆ. ರಿವರ್ಸ್ ಗೇರ್‌ನಲ್ಲಿ, ಬ್ರೇಕ್ ಆದಷ್ಟೂ ಮುಟ್ಟದೆ, ಎಂಜಿನ್ ಹಿಡಿತದಲ್ಲೇ ಗಾಡಿಯನ್ನು ನೇರವಾಗಿ ಕೆಳಗಿಳಿಸಿದೆವು. ಕೆಳಗೆ ನಿಂತಿದ್ದ ಅವರ ತಾಯಿ ಕೇಳಿದರು: "ಅಲ್ಲಪ್ಪಾ, ನಮ್ಮ ಮಳೆ ಮಣ್ಣನ್ನೇ ಹತ್ತದ ಗಾಡಿ ಅಲ್ಲಿ ಹಿಮ ಹತ್ತುತ್ತಾ?" ಆ ದಿನ ಯಾರೂ ಕೇಳದ ಸರಿಯಾದ ಪ್ರಶ್ನೆಯನ್ನು ಆ ಹಿರಿಯರು ಕೇಳಿದ್ದರು.

ಯಾರ್ಡ್‌ನ ಲಿಫ್ಟ್‌ನಲ್ಲಿ ಕಾರಣ ಸಿಕ್ಕಿತು. ಈ ಬಗೆಯ ಗಾಡಿಯಲ್ಲಿ ಲೈಟ್ ತಿಳಿಸುವುದು ಬಲವನ್ನು ಮುಂದಿನ ಆಕ್ಸಲ್‌ಗೂ ಕಳಿಸುವ ಟ್ರಾನ್ಸ್‌ಫರ್ ಕೇಸ್ ಗೇರ್ ಬದಲಿಸಿದೆ ಎಂಬುದನ್ನು ಮಾತ್ರ. ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಮುಂದಿನ ಹಬ್‌ಗಳು ಲಾಕ್ ಆಗುವುದು ಬೇರೆ ಕೆಲಸ, ಅದು ವ್ಯಾಕ್ಯೂಮ್‌ನಿಂದ (ಗಾಳಿಯ ಸೆಳೆತದಿಂದ) ನಡೆಯುತ್ತದೆ. ಬಾನೆಟ್‌ನ ಶಾಖಕ್ಕೆ ಒಣಗಿದ ವ್ಯಾಕ್ಯೂಮ್ ಹೋಸ್ ಸೀಳಿತ್ತು, ಎಡಗಡೆಯ ಹಬ್ ಜಡಗಟ್ಟಿತ್ತು. ಒಂದು ಕಡೆಯ ಹಬ್ ಹಿಡಿಯದಿದ್ದರೆ ಸಾಕು, ಎರಡು ಕಡೆಗೂ ಬಲ ಹಂಚಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ತನ್ನ ಬಲವನ್ನೆಲ್ಲ ಆ ಕಡೆಗೇ ಸೋರಿಸಿಬಿಡುತ್ತದೆ, ಇನ್ನೊಂದು ಚಕ್ರವೂ ಎಳೆಯುವುದಿಲ್ಲ. "ಹೇಗೂ ಬಳಸಿಲ್ಲವಲ್ಲ" ಎಂದು ಟ್ರಾನ್ಸ್‌ಫರ್ ಕೇಸ್‌ನ ಆಯಿಲ್ ಅನ್ನೂ ಯಾರೂ ಬದಲಿಸಿರಲಿಲ್ಲ.

ಅಲ್ಲಿಂದ ಮುಂದೆ ಆ್ಯಪ್ ಅನ್ನು ಬದಿಗಿಟ್ಟು, ಈ ಗಾಡಿ ಸೊನ್ನೆ ಡಿಗ್ರಿಗಿಂತ ಕೆಳಗೆ ಬದುಕುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಎಲ್ಲವನ್ನೂ ನೋಡಿದೆ. ರೇಡಿಯೇಟರ್‌ನಲ್ಲಿ ಕೂಲಂಟ್ ಬದಲು ತುಕ್ಕಿನ ಬಣ್ಣದ ಬೋರ್‌ವೆಲ್ ನೀರಿತ್ತು. ತುಮಕೂರಿನಲ್ಲಿ ಇದರಿಂದ ತುಕ್ಕು ಹಿಡಿಯುತ್ತದೆ, ಪಾಚಿಯಂತೆ ಕಟ್ಟಿಕೊಳ್ಳುತ್ತದೆ, ಅಷ್ಟೇ. ಆದರೆ ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಕಿನ್ನೌರ್‌ನ ಒಂದೇ ರಾತ್ರಿಯಲ್ಲಿ ಎಂಜಿನ್ ಬ್ಲಾಕ್ ಸೀಳಬಹುದು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಸುಮಾರು ಮೈನಸ್ 35 ಡಿಗ್ರಿಯವರೆಗೆ ಆ ಭಯವಿಲ್ಲ. ಹೀಟರ್‌ನ ಪೈಪನ್ನು ಯಾರೋ ಬೈಪಾಸ್ ಮಾಡಿದ್ದರು: ಬಿಸಿ ಗಾಳಿ ಕೊಡುವ ಹೀಟರ್ ಕೋರ್ ಸೋರಿದಾಗ ನಮ್ಮ ಕಡೆ ಅದನ್ನು ರಿಪೇರಿ ಮಾಡಿಸುವವರು ಕಡಿಮೆ. ಅಲ್ಲಿ ಹೀಟರ್ ಇಲ್ಲದಿದ್ದರೆ ಮುಂದಿನ ಗಾಜಿನ ಮಂಜೇ ಬಿಡುವುದಿಲ್ಲ. ಚಳಿಯಲ್ಲಿ ಡೀಸೆಲ್ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್‌ಗಳಲ್ಲಿ ಕೆಲವು ಸತ್ತಿದ್ದವು. ಡಿಸೆಂಬರ್ ಮುಂಜಾನೆಯೂ 15 ಡಿಗ್ರಿಯ ಆಸುಪಾಸಿನಲ್ಲಿರುವ ಊರಿನಲ್ಲಿ ಅವು ಸತ್ತಿದ್ದು ಮಾಲೀಕರಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ. ಇದರಲ್ಲಿ ಮಾಲೀಕರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ದಕ್ಷಿಣದಲ್ಲೇ ಓಡಿದ ಗಾಡಿಯ ಚಳಿಗಾಲದ ಅಂಗಗಳನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ.

ಎಂಜಿನಿಯರ್ ಆದ್ದರಿಂದ ಅವರು ಬಿಡಿಬಿಡಿಯಾಗಿ ಕೇಳಿದರು, ನಾನೂ ಹಾಗೆಯೇ ಹೇಳಿದೆ. ಈ ಗಾಡಿಯಲ್ಲಿರುವಂಥ, ಬೇಕಾದಾಗ ಮಾತ್ರ ಹಾಕುವ ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ, ಆದ್ದರಿಂದ ಒಣ ಡಾಂಬರಿನ ತಿರುವಿನಲ್ಲಿ ಅದನ್ನು ಹಾಕಿಕೊಂಡು ಹೋದರೆ ಗೇರ್‌ಗಳು ಒಂದನ್ನೊಂದು ಹಿಂಡುತ್ತವೆ. ಒಂದು ತಿರುವಿನಲ್ಲಿ ಹಿಮ, ಮುಂದಿನ ತಿರುವಿನಲ್ಲಿ ಬಿಸಿಲಿಗೆ ಒಣಗಿದ ಡಾಂಬರು ಇರುವ ಬೆಟ್ಟದ ರಸ್ತೆಯಲ್ಲಿ ಚಾಲಕ ಮತ್ತೆ ಮತ್ತೆ ನಾಬ್ ತಿರುಗಿಸಬೇಕಾಗುತ್ತದೆ. ಆಕ್ಸಲ್‌ಗಳ ನಡುವೆ ಸೆಂಟರ್ ಡಿಫರೆನ್ಷಿಯಲ್ ಇದ್ದು ಸದಾ ನಾಲ್ಕೂ ಚಕ್ರ ಎಳೆಯುವ ಫುಲ್ ಟೈಮ್ ಗಾಡಿಗಾಗಲಿ, ಬೇಕಾದಾಗ ತಾನೇ ಹಿಡಿಯುವ ಆಲ್ ವೀಲ್ ಡ್ರೈವ್‌ಗಾಗಲಿ ಆ ತೊಂದರೆಯಿಲ್ಲ. ಒಂದೇ ಹೆಸರಿನ ಗಾಡಿಯಲ್ಲೂ ವ್ಯವಸ್ಥೆ ಬದಲಾಗಿರುತ್ತದೆ: 2009ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಫಾರ್ಚೂನರ್ ಫುಲ್ ಟೈಮ್; 2016ರ ಹೊಸ ತಲೆಮಾರಿನದು ಪಾರ್ಟ್ ಟೈಮ್. 2014ರಲ್ಲಿ ಬಂದ ಡಸ್ಟರ್ ಆಲ್ ವೀಲ್‌ನಲ್ಲಿ ತಾನೇ ಹಿಡಿಯುವ ಆಟೊ ಮತ್ತು ಹಿಡಿದಿಡುವ ಲಾಕ್ ಎರಡೂ ಇವೆ, ಆದರೆ ಕಡಿದಾದ ಏರಿಗೆ ಬೇಕಾಗುವ ನಿಧಾನದ ಲೋ ಗೇರ್ ಇಲ್ಲ, ಸೀಟು ಐದೇ. ಅವರ ಮನೆಮಂದಿ ಐವರೇ ಆದ್ದರಿಂದ ಅದನ್ನೂ ನೋಡಿ ಎಂದೆ; ಸಾಮಾನಿಗೆ ಸಾಲದೆಂದು ಅವರು ಒಪ್ಪಲಿಲ್ಲ.

ಟೈರ್ ಬಗ್ಗೆ ನಾನು ಹೆಚ್ಚು ಹೊತ್ತು ಮಾತನಾಡಿದೆ. ನಾಲ್ಕು ಚಕ್ರಕ್ಕೂ ಬಲ ಬಂದರೆ ಗಾಡಿ ಹೊರಡಲು, ಏರಲು ಅನುಕೂಲವೇ ಹೊರತು ನಿಲ್ಲಲು ಅಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕ್ ಹಿಡಿದಾಗ ಟೂ ವೀಲ್ ಡ್ರೈವ್ ಗಾಡಿಯೂ ಫೋರ್ ವೀಲ್ ಡ್ರೈವ್ ಗಾಡಿಯೂ ಒಂದೇ ರೀತಿ ಜಾರುತ್ತವೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರ್‌ನ ರಬ್ಬರ್ ಗಡುಸಾಗುತ್ತದೆ. ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುವ ಟೈರ್‌ಗಳನ್ನೇ ನಾಲ್ಕಕ್ಕೂ ಹಾಕಿಸಬೇಕು, ಹಿಮದಲ್ಲಿ ಟೈರ್‌ಗೆ ಸುತ್ತುವ ಚೈನ್ ಸದಾ ಡಿಕ್ಕಿಯಲ್ಲಿರಬೇಕು. ಟೈರ್‌ನ ವಯಸ್ಸನ್ನು ಅದರ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಓದಬಹುದು: 2319 ಎಂದಿದ್ದರೆ 2019ರ 23ನೇ ವಾರ. ಆ ಗಾಡಿಯ ಟೈರ್‌ಗಳಲ್ಲಿ ಗುಂಡಿ (ಟ್ರೆಡ್) ಸವೆಯದೆ ಚೆನ್ನಾಗಿತ್ತು, ರಬ್ಬರ್ ಮಾತ್ರ ಮುದಿಯಾಗಿತ್ತು. ಇನ್ನು ಡೀಸೆಲ್ ಚಳಿಗೆ ಗಟ್ಟಿಯಾಗುವ ಕಾರಣ ಊರು ತಲುಪಿದ ಮೇಲೆ ಅಲ್ಲಿಯ ಬಂಕ್‌ನಲ್ಲೇ ತುಂಬಿಸಿಕೊಳ್ಳಿ, ಇಲ್ಲಿಯ ಡೀಸೆಲ್ ಇಟ್ಟುಕೊಂಡು ಚಳಿಗಾಲಕ್ಕೆ ಕಾಲಿಡಬೇಡಿ ಎಂದೂ ಹೇಳಿದೆ. ಹನ್ನೆರಡು ತಿಂಗಳು ಮೀರಿ ಅಲ್ಲಿಯೇ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯವಾದ್ದರಿಂದ ತುಮಕೂರು ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದೇ ಹೊರಡುವುದು ಒಳ್ಳೆಯದು.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ಪರೀಕ್ಷೆಯನ್ನು ಗಿರಾಕಿಯಿಲ್ಲದಾಗ ಮಾಡಬೇಕಿತ್ತು, ದೋಷವನ್ನು ಅವರೆದುರು ಹೇಳುವ ಅಗತ್ಯವಿರಲಿಲ್ಲ ಎಂದರು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸಟ್ಲೆಜ್ ಕಣಿವೆಯ ರಸ್ತೆಯನ್ನು ಹತ್ತುವವರು ಅವರು. ಎಂಜಿನಿಯರ್ ವ್ಯವಹಾರವನ್ನು ಮುರಿಯಲಿಲ್ಲ. ಹಬ್, ಹೋಸ್, ಹೀಟರ್ ಕೋರ್, ಗ್ಲೋ ಪ್ಲಗ್, ಬ್ಯಾಟರಿ, ಕೂಲಂಟ್, ಗೇರ್ ಆಯಿಲ್ ಎಲ್ಲವನ್ನೂ ಯಾರ್ಡ್ ಖರ್ಚಿನಲ್ಲೇ ಮಾಡಿಸಿಕೊಡಬೇಕೆಂದು ಬರೆಸಿಕೊಂಡರು. ಕೆಲಸ ಮುಗಿದ ಮೇಲೆ ಅದೇ ತೋಟದ ಏರಿನಲ್ಲಿ ಅವರೇ ಸ್ಟಿಯರಿಂಗ್ ಹಿಡಿದು ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ನೋಡಿ ಹಣ ಕೊಟ್ಟರು.

ರಿಪೇರಿಯ ಬಿಲ್ಲನ್ನು ಆಡಳಿತದವರು ಇವ್ಯಾಲ್ಯುಯೇಷನ್ ವಿಭಾಗದ ಲೆಕ್ಕಕ್ಕೆ ಬರೆದರು. ಗಾಡಿಯನ್ನು ಕೊಂಡ ದಿನ "ಒಮ್ಮೆಯೂ ಹಾಕಿಲ್ಲ" ಎಂಬ ಮಾತಿಗೆ ಬೆಲೆಯನ್ನು ಏರಿಸಿ ಕೊಟ್ಟದ್ದು ಖರೀದಿ ವಿಭಾಗ. ಅಂದೇ ಲಿಫ್ಟ್‌ಗೆ ಏರಿಸಿದ್ದರೆ ಈ ಮೊತ್ತವನ್ನು ಹಳೆಯ ಮಾಲೀಕರ ಬೆಲೆಯಿಂದಲೇ ಕಳೆಯಬಹುದಿತ್ತೆಂದು ನಾನು ಲಿಖಿತವಾಗಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.