82 ಶಿಖರ, ಒಂದು ಸೈಕಲ್

ಬೆಳಿಗ್ಗೆಯಿಂದ ಸ್ಪೇನ್‌ನ ಬೆಟ್ಟದ ಓಟಗಾರ ಕಿಲಿಯನ್ ಜೋರ್ನೆಟ್ ತಲೆಯಲ್ಲೇ ಕೂತಿದ್ದಾನೆ. 2024ರಲ್ಲಿ ಆಲ್ಪ್ಸ್‌ನ 4,000 ಮೀಟರ್ ಮೀರಿದ 82 ಶಿಖರಗಳನ್ನೂ 19 ದಿನದಲ್ಲಿ ಹತ್ತಿ ಮುಗಿಸಿದ ಪುಣ್ಯಾತ್ಮ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ಕಾರಿಲ್ಲ, ಬಸ್ಸಿಲ್ಲ. ಕಾಲು, ಇಲ್ಲಾಂದ್ರೆ ಸೈಕಲ್. ನನಗೆ ಶಿಖರಗಳಿಗಿಂತ ಆ ಸೈಕಲ್ಲೇ ಜಾಸ್ತಿ ಇಷ್ಟ ಆಯ್ತು.

ಇಷ್ಟು ಅವಸರ ಯಾಕೆ ಅಂತ ಕೇಳುವವರಿದ್ದಾರೆ. ಅಲ್ಲಿ ವೇಗ ಬರೀ ಶೋಕಿ ಅಲ್ಲ. ರಾತ್ರಿ ಹೆಪ್ಪುಗಟ್ಟಿದ ಮಂಜು ಸಡಿಲ ಕಲ್ಲುಗಳನ್ನು ಹಿಡಿದಿಟ್ಟಿರುತ್ತದೆ. ಬಿಸಿಲೇರಿದ ಹಾಗೆ ಅದು ಕರಗಿ, ಕಲ್ಲು ಉದುರಲು ಶುರು. ಅದಕ್ಕೇ ಹತ್ತುವವರು ಕತ್ತಲಲ್ಲೇ ಎದ್ದು, ಹಣೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತಾರೆ. ಬೇಗ ಹತ್ತಿ ಬೇಗ ಇಳಿದವರಿಗೆ ಅಪಾಯ ಸ್ವಲ್ಪ ಕಡಿಮೆ.

ಸ್ವಲ್ಪ, ಅಷ್ಟೇ. 2012ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಸೀಮೆಯಲ್ಲಿ ಕಿಲಿಯನ್ ಜೊತೆಗಿದ್ದ ಗೆಳೆಯ ಸ್ಟೆಫಾನ್ ಬ್ರೋಸ್, ಕಾಲಡಿಯ ಹಿಮದ ಚಾಚು ಮುರಿದು ಬಿದ್ದು ತೀರಿಕೊಂಡ. ಬೆಟ್ಟದ ಏಣಿನ, ಅಂದರೆ ಕಿರಿದಾದ ನೆತ್ತಿಸಾಲಿನ, ಅಂಚಿಗೆ ಗಾಳಿ ಕಟ್ಟುವ ಹಿಮ ಅದು. ಮೇಲಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಏನೂ ಇಲ್ಲ.

ಅದನ್ನು ಕಣ್ಣಾರೆ ಕಂಡವನು ಮತ್ತೆ ಅಂಥದ್ದೇ ಏಣುಗಳ ಮೇಲೆ ಓಡುತ್ತಾನೆ. ಹುಚ್ಚು ಅನ್ನೋಣ ಅಂದರೆ, ಅಷ್ಟು ಲೆಕ್ಕಾಚಾರ ಇರುವ ಹುಚ್ಚು ಎಲ್ಲಾದ್ರೂ ಇರುತ್ತಾ? ನಿಮಗೇನನ್ನಿಸುತ್ತೆ, ಹೇಳಿ.