ಸ್ಟಿಮ್ಸನ್ ಕಾಲರೇಖೆ: ಯುದ್ಧದ ಪಟ್ಟಿ ಎಲ್ಲಿಗೆ ಬಂತು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧ ಸಚಿವರಾಗಿದ್ದ ವಕೀಲ ಹೆನ್ರಿ ಸ್ಟಿಮ್ಸನ್ (1867–1950) ಅವರ ವೃತ್ತಿಜೀವನವನ್ನು ಗೋಡೆಗೆ ಹಾಕುವಾಗ ಮೊದಲು ಕೈಕೊಡುವುದು ಅಳತೆ. ವರ್ಷಕ್ಕೆ 2 ಸೆಂ.ಮೀ. ಇಟ್ಟರೆ ವಕೀಲಿಕೆ ಶುರುವಾದ 1891ರಿಂದ 1945ರವರೆಗೆ 108 ಸೆಂ.ಮೀ. ಸಾಕು, ಆದರೆ ಎರಡನೇ ಮಹಾಯುದ್ಧ ಅರ್ಧ ಗೇಣಿಗೆ ಕುಗ್ಗಿಬಿಡುತ್ತದೆ. ಹಾಗಾಗಿ ಯುದ್ಧಕ್ಕೆ ಬೇರೆ ಪಟ್ಟಿ: ತಿಂಗಳಿಗೆ 2 ಸೆಂ.ಮೀ., 1940ರ ಜುಲೈನಿಂದ 1945ರ ಸೆಪ್ಟೆಂಬರ್‌ವರೆಗೆ 63 ತಿಂಗಳು, 126 ಸೆಂ.ಮೀ. ಎರಡು ಡ್ರಾಯಿಂಗ್ ಶೀಟ್ ಉದ್ದಕ್ಕೆ ಜೋಡಿಸಬೇಕು. ಗೋಂದು ಹಚ್ಚಿದರೆ ಶೀಟ್ ಸುಕ್ಕುಗಟ್ಟಿ ತಿಂಗಳ ಗೆರೆಗಳು ಸರಿಯುತ್ತವೆ; ಎರಡೂ ಬದಿ ಅಂಟುವ ಟೇಪ್ ಒಳ್ಳೆಯದು.

ನೀಲಿ ವಕೀಲಿಕೆಗೆ, ಕೆಂಪು ಸರ್ಕಾರಿ ಹುದ್ದೆಗೆ. ನೀಲಿಯನ್ನು 1906ಕ್ಕೇ ನಿಲ್ಲಿಸಬಾರದು. ಯುದ್ಧ ಸಚಿವ (1911–13), ಫಿಲಿಪ್ಪೀನ್ಸ್ ಗವರ್ನರ್ ಜನರಲ್, ವಿದೇಶಾಂಗ ಸಚಿವ (1929–33) ಎಂದು ಹುದ್ದೆಗಳು ಬಂದು ಹೋದರೂ ನಡುವೆ ಅವರು ಮತ್ತೆ ಮತ್ತೆ ವಕೀಲಿಕೆಗೆ ಮರಳಿದರು. 1906ರಿಂದ 1909ರವರೆಗೆ ನ್ಯೂಯಾರ್ಕಿನಲ್ಲಿ ಫೆಡರಲ್ ಸರ್ಕಾರದ ವಕೀಲರಾಗಿದ್ದ ಕಾಲಕ್ಕೆ ದೊಡ್ಡ ಕಾರ್ಡೇ ಬೇಕು. ಸಕ್ಕರೆ ಕಂಪನಿಯೊಂದು ಬಂದರಿನ ತೂಕದ ಯಂತ್ರಗಳ ಕಂಬಕ್ಕೆ ತೂತು ಕೊರೆದು, ತೆಳು ಉಕ್ಕಿನ ತಂತಿ ತೂರಿಸಿ, ತೂಕ ಕಡಿಮೆ ತೋರಿಸಿ ಸುಂಕ ನುಂಗುತ್ತಿತ್ತು. ಆ ಮೊಕದ್ದಮೆಯಿಂದ ಸರ್ಕಾರಕ್ಕೆ 20 ಲಕ್ಷ ಡಾಲರಿಗೂ ಹೆಚ್ಚು ವಾಪಸಾಯಿತು.

ಯುದ್ಧದ ಪಟ್ಟಿಯಲ್ಲಿ ತಾರೀಖುಗಳು ಗೊಂದಲ ಹುಟ್ಟಿಸುತ್ತವೆ. ಮತ್ತೆ ಯುದ್ಧ ಸಚಿವ ಹುದ್ದೆಗೆ ಅಧ್ಯಕ್ಷ ರೂಸ್ವೆಲ್ಟ್ ಅವರ ಹೆಸರು ಸೂಚಿಸಿದ್ದು 1940ರ ಜೂನ್‌ನಲ್ಲಿ, ಪ್ರಮಾಣವಚನ ಜುಲೈ 10ಕ್ಕೆ. ಎಲ್ಲ ಹುದ್ದೆಗಳಿಗೂ ಅಧಿಕಾರ ವಹಿಸಿಕೊಂಡ ದಿನವನ್ನೇ ಹಿಡಿಯಿರಿ. ಬೆರೆಸಿದರೆ ಪಟ್ಟಿಗಳು ಒಂದರ ಮೇಲೊಂದು ಏರುತ್ತವೆ.

ವಕೀಲನ ಬುದ್ಧಿ ಎದ್ದು ಕಾಣುವ ಕಡೆ ಕೆಂಪು ಪಟ್ಟಿಯ ಮೇಲೇ ನೀಲಿ ಅಂಚಿನ ಕಾರ್ಡ್. 1944ರ ಸೆಪ್ಟೆಂಬರ್‌ಗೆ ಒಂದು: ನಾಜಿ ನಾಯಕರನ್ನು ವಿಚಾರಣೆಯಿಲ್ಲದೆ ಗುಂಡಿಕ್ಕಬೇಕೆಂಬ ಹಣಕಾಸು ಸಚಿವ ಮಾರ್ಗೆಂಥೌ ಸಲಹೆಯನ್ನು ವಿರೋಧಿಸಿ, ನ್ಯಾಯಾಲಯವೇ ಆಗಬೇಕೆಂದು ವಾದಿಸಿದ್ದು. 1942ರ ಫೆಬ್ರವರಿಗೆ ಇನ್ನೊಂದು, ಬಹಳ ಭಾರದ್ದು. ಅಮೆರಿಕದ ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದವರನ್ನು ತೆರವುಗೊಳಿಸಿದರೆ ಸಂವಿಧಾನದಲ್ಲಿ ದೊಡ್ಡ ತೂತು ಬೀಳುತ್ತದೆಂದು ದಿನಚರಿಯಲ್ಲಿ ಬರೆದುಕೊಂಡವರೇ ಆ ಕ್ರಮಕ್ಕೆ ಕೈಜೋಡಿಸಿದರು. ಸುಮಾರು 1,20,000 ಜನ ಶಿಬಿರ ಸೇರಿದರು. ಈ ಎರಡು ಕಾರ್ಡುಗಳ ಅಳತೆ ಒಂದೇ ಇರಲಿ. ನ್ಯಾಯಾಲಯದ ಪರ ನಿಂತದ್ದನ್ನು ದೊಡ್ಡದು ಮಾಡಿ ಇದನ್ನು ಮೂಲೆಗೆ ಸರಿಸಿದರೆ ಕಾಲರೇಖೆ ಸುಳ್ಳು ಹೇಳುತ್ತದೆ.

ಅಣುಬಾಂಬಿನ ಗುರಿಪಟ್ಟಿಯಿಂದ ಜಪಾನಿನ ಕ್ಯೋಟೋ ನಗರವನ್ನು ತೆಗೆಸಿದ್ದು 1945ರ ಬೇಸಿಗೆಗೆ. ಮಧುಚಂದ್ರಕ್ಕೆ ಹೋಗಿದ್ದ ಊರೆಂದು ಉಳಿಸಿದರು ಎಂಬ ಕಥೆ ಕಾರ್ಡಿಗೆ ಬೇಡ: ಅವರ ಮದುವೆ 1893ರಲ್ಲಿ, ಕ್ಯೋಟೋ ನೋಡಿದ್ದು 1920ರ ದಶಕದಲ್ಲಿ.

ಬಾಂಬ್ ಬಳಕೆಯನ್ನು ಸಮರ್ಥಿಸಿ 1947ರ ಫೆಬ್ರವರಿಯಲ್ಲಿ ಅವರು ಪ್ರಕಟಿಸಿದ ಲೇಖನವನ್ನು 1945ರ ಆಗಸ್ಟ್ ಪಕ್ಕ ಅಂಟಿಸುವುದಿಲ್ಲ. ಅದು ಆಮೇಲಿನ ವಾದ, ಆಗಿನ ದಾಖಲೆಯಲ್ಲ. ಅದಕ್ಕೆ ಪಟ್ಟಿಯ ಬಲತುದಿಗೆ ಮಡಚುವ ಪುಟವೊಂದನ್ನು ಸೇರಿಸಬೇಕು. ಸದ್ಯ ಬಾಕಿ ಇರುವುದು ಅದೇ.